ಅಂಗಳಕ್ಕೆ ಬಂದ ಬಾಗಿಲು

ಕೊಟ್ಟೂರಿನ ಡ್ರಾಯಿಂಗ್ ಮೇಷ್ಟ್ರು ಗಂಗಾಧರ್ ಆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಸ್ವಂತ ಮನೆಯ ತಲೆಬಾಗಿಲು ಕೀಳಿಸಿದರು. ಕಿತ್ತವನು ಪಕ್ಕದ ಮನೆಯ ಬಡಗಿ ಅತಾವುಲ್ಲಾ. "ನಿಧಾನ, ನಿಧಾನ" ಎನ್ನುವ ಭಾರವಾದ ಕೆಲಸವನ್ನು ಮೇಷ್ಟ್ರೇ ವಹಿಸಿಕೊಂಡಿದ್ದರು. ಗೋಡೆಯಲ್ಲಿ ಚೌಕಟ್ಟು ಮಾತ್ರ ಉಳಿಯಿತು. ಬಾಗಿಲು ಅಂಗಳದ ನಡುವೆ ಕಲ್ಲುಗಳ ಆಸರೆಯಲ್ಲಿ, ದಿಬ್ಬಣದ ಬಸ್ಸು ತಪ್ಪಿಸಿಕೊಂಡ ಮದುಮಗನ ಹಾಗೆ ಒಂಟಿಯಾಗಿ ನಿಂತಿತು.

"ಇದು ಕಲಾಕೃತಿ. ಹೆಸರು 'ಒಳಗ ಬರ್ರಿ'," ಎಂದರು ಹೆಂಡತಿಗೆ.

"ಮನಿ ಬಾಯಿ ತಕ್ಕೊಂಡು ಕುಂತೈತಿ," ಎಂದಳು ವಾಣಿಶ್ರೀ. "ಈ ಸಲಾನೂ ಪ್ರಶಸ್ತಿ ಬರಲಿಲ್ಲಾಂದ್ರ ಬಣ್ಣದ ಡಬ್ಬಿ ಅಟ್ಟಕ್ಕ. ಅದು ಬರಲಿ ಬಿಡಲಿ, ದೀಪ ಹಚ್ಚೋ ಹೊತ್ತಿಗೆ ನನ್ನ ಬಾಗ್ಲ ಇದ್ದಲ್ಲಿ ಇರಬೇಕು ನೋಡ್ರಿ."

ಪ್ರಶಸ್ತಿಯೆಂದರೆ ಸಾಮಾನ್ಯದ್ದಲ್ಲ, 'ನವನೋಟ'. ಅದರ ಚರಿತ್ರೆಯನ್ನು ಮೇಷ್ಟ್ರು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದರು. ಮೊದಲ ವರ್ಷ ಅದು ಒಂದು ಚಿತ್ರಕ್ಕೆ ಸಿಕ್ಕಿತ್ತು. ಮರುವರ್ಷ, ಚಿತ್ರವಿಲ್ಲದ ಬರೀ ಚೌಕಟ್ಟಿಗೆ. ಆಮೇಲೆ, ಚೌಕಟ್ಟೂ ಇಲ್ಲದ ಮೊಳೆಗೆ. ಹೋದ ವರ್ಷ, ಆ ಮೊಳೆ ಕಿತ್ತ ತೂತಿಗೆ! ತೂತಿನ ಪಕ್ಕ ನಿಂತು ಗಣ್ಯರು ಫೋಟೊ ತೆಗೆಸಿಕೊಂಡಿದ್ದರು. ಇಷ್ಟೂ ವರ್ಷ ಮೇಷ್ಟ್ರು ಕಳಿಸಿದ ಸೂರ್ಯೋದಯಗಳೆಲ್ಲ ಹೋದ ಬಸ್ಸಿನಲ್ಲೇ ವಾಪಸ್ಸು ಬಂದಿದ್ದವು. ತೂತಿನಾಚೆ ಇನ್ನೇನೂ ಉಳಿದಿಲ್ಲ, ಇನ್ನು ಮತ್ತೆ ಗಟ್ಟಿ ವಸ್ತುವಿನ ಕಾಲ ಎಂದುಕೊಂಡು ಬಾಗಿಲಿಗೆ ಕೈ ಹಾಕಿದ್ದರು. ಫೋಟೊ ಕೂಡ ಕಳಿಸದೆ 'ಒಳಗ ಬರ್ರಿ' ಎಂಬ ಹೆಸರನ್ನಷ್ಟೇ ಕಳಿಸಿದ್ದಕ್ಕೆ ಕೊನೆಯ ಸುತ್ತಿಗೆ ಆಯ್ಕೆಯಾಗಿತ್ತು. ಇವತ್ತು ತೀರ್ಪುಗಾರರು ಬರುವವರಿದ್ದರು.

ಓಣಿಯ ಜನ ಅವರ ಕಲೆಯನ್ನು ನೆನೆಯುತ್ತಿದ್ದುದು ಹೊಸ ಬೈಕಿಗೆ ನಂಬರ್ ಬರೆಸುವಾಗ ಮಾತ್ರ. ಒಮ್ಮೆಯಾದರೂ ನಾಲ್ಕು ಜನ ನಿಂತು ನೋಡಿ 'ಇವರು ಕಲಾವಿದರು' ಅನ್ನಲಿ ಎಂಬುದಷ್ಟೇ ಮೇಷ್ಟ್ರ ಆಸೆ.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಬಾಗಿಲು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

"ದೊಡ್ಡವರು ಬರ್ತಾರಂತ ಸೀಮೆಎಣ್ಣಿ ಹಾಕಿ ತಿಕ್ಕೀನ್ರಿ ಮೇಷ್ಟ್ರ. ಎಣ್ಣಿ, ಅರಿಶಿಣದ ಒಂದ ಕಲಿನೂ ಉಳಿಸಿಲ್ಲ," ಎಂದ ಅತಾವುಲ್ಲಾ ಹೆಮ್ಮೆಯಿಂದ.

"ಅಯ್ಯೋ ಮಾರಾಯ, ನನ್ನ ಕಲಿ ಎಲ್ಲಾ ಆ ಕಲಿಯೊಳಗ ಇತ್ತಲ್ಲೋ!"

ಅತ್ತ ಮನೆಯೊಳಗೆ ಬೇರೆಯೇ ಸಂತೆ. ಹೆಪ್ಪು ಕೇಳಲು ಬಂದ ಕೆಂಚಕ್ಕ ಅಡುಗೆಮನೆಯಲ್ಲೇ ಚಕ್ಕಳಮಕ್ಕಳ ಹಾಕಿದ್ದಳು. ಚಿಗಟೇರಿಯ ಬದನೆಕಾಯಿಯವಳು ಬುಟ್ಟಿ ಸಮೇತ ಒಲೆಯ ತನಕ ಬಂದಿದ್ದಳು. ರಿಟೈರ್ಡ್ ಕಂಡಕ್ಟರ್ ಶಿವಯೋಗಿ ಟೀವಿ ಹಚ್ಚಿ, ಬಂದವರನ್ನೆಲ್ಲ ಹಳೆಯ ರೂಢಿಯಂತೆ ತುಂಬುತ್ತಿದ್ದ.

"ಒಳಗ ನಡೀರಿ, ಹಿಂದ ಜಾಗ ಐತಿ! ಬಾಗ್ಲದಾಗ ನಿಲ್ಲಬ್ಯಾಡ್ರಿ!"

"ಬಾಗ್ಲ ಹೊರಗ ಐತಿ! ಕಲಾಕೃತಿ ಹೊರಗ ಐತಿ, ಅದನ್ನ ನೋಡ್ರಿ!" ಎಂದು ಮೇಷ್ಟ್ರು ಗೋಗರೆದರು.

"ಆ ಬಾಗ್ಲ ದಿನಾ ನೋಡೀವಿ ತಗೋ," ಎಂದಳು ಕೆಂಚಕ್ಕ. "ನಿಮ್ಮ ಅಡಿಗಿಮನಿ ಇವತ್ತ ಮೊದಲ ಸಲ ನೋಡಾಕತ್ತೀವಿ. ವಾಣಿ, ಮೆಣಸಿನಕಾಯಿಗೆ ಹಿಟ್ಟು ನೀರಾತು ನೋಡವಾ."

ಮೇಷ್ಟ್ರು ಒಬ್ಬರನ್ನು ಹೊರಗೆ ದಬ್ಬಿದರೆ ಇಬ್ಬರು ಒಳಗೆ ಬಂದರು. ಅಷ್ಟರಲ್ಲಿ ಎದುರುಮನೆಯ ಚೌಡಕ್ಕ ಆಗಷ್ಟೇ ಒಗೆದ ಕೌದಿಯನ್ನು ಎಲ್ಲಿ ಒಣಗಹಾಕಲೆಂದು ನೋಡಿದಳು. ಅಂಗಳದಲ್ಲಿ, ಒಳ್ಳೆಯ ಬಿಸಿಲಿನಲ್ಲಿ, ಎತ್ತರವಾದದ್ದೊಂದು ತಾನಾಗಿ ನಿಂತಿತ್ತು. ಕೌದಿ ಅದರ ಎರಡೂ ಮಗ್ಗುಲಿಗೆ ನೆಲ ಮುಟ್ಟುವಂತೆ ಜೋತುಬಿತ್ತು.

ಆಗಲೇ ಕಾರಿನ ಹಾರ್ನ್ ಕೇಳಿಸಿತು.

ಇಳಿದವರು ಇಬ್ಬರು: ತಟ್ಟೆಯಗಲದ ಕನ್ನಡಕದ ಮೇಡಂ, ಮೊಣಕಾಲು ದಾಟಿದ ಜುಬ್ಬಾದವರು. ಇಬ್ಬರೂ ಕೌದಿಯನ್ನು ಬಳಸಿಕೊಂಡು ನೇರ ಮನೆಯ ಮುಂದೆ ಬಂದು, ಖಾಲಿ ಚೌಕಟ್ಟು ನೋಡಿ ನಿಂತುಬಿಟ್ಟರು.

"ವಾವ್!" ಎಂದು ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು. "ಬಾಗಿಲೇ ಇಲ್ಲ! ಚಿತ್ರ ಹೋಯ್ತು, ಚೌಕಟ್ಟು ಹೋಯ್ತು, ಮೊಳೆ ಹೋಯ್ತು... ಈಗ ನೋಡಿ, ತೂತಿನೊಳಗೆ ಜನ ಸಂಸಾರ ಮಾಡ್ತಿದ್ದಾರೆ!"

"ಗೈರುಹಾಜರಿ ಇಲ್ಲಿ ಹಾಜರಾಗಿದೆ," ಎಂದರು ಜುಬ್ಬಾದವರು.

"ಹಾಜರಿ ಏನ್ ಕೇಳ್ತೀರಿ, ಓಣಿಗೆ ಓಣಿನ ಒಳಗೈತಿ. ನೀವೂ ಬರ್ರಿ, ಮುಂದಕ್ಕ ಬರ್ರಿ," ಎಂದ ಶಿವಯೋಗಿ.

ಮೇಷ್ಟ್ರು ಜನರ ನಡುವಿನಿಂದ ನುಸುಳಿ ಬಂದರು. "ಮೇಡಂ, ಕಲಾಕೃತಿ ಹೊರಗ ಐತ್ರಿ..."

"ಕೇಳಿದ್ರಾ? ಒಳಗಿದೆ ಅಂದ್ಕೊಂಡಿದ್ದೆಲ್ಲ ಹೊರಗಿದೆ! ಎಂಥ ಮಾತು!"

ಜುಬ್ಬಾದವರು ತಲೆದೂಗಿ, ಕೆಂಚಕ್ಕ ಮುಂದೆ ಹಿಡಿದಿದ್ದ ತಟ್ಟೆಯಿಂದ ಇನ್ನೊಂದು ಮಿರ್ಚಿ ತೆಗೆದುಕೊಂಡರು. ಕಾರಿನ ಬಳಿ ಇಬ್ಬರೂ ಗುಸುಗುಸು ಮಾತಾಡಿ ವಾಪಸ್ಸು ಬಂದು ಘೋಷಿಸಿದರು: ಈ ವರ್ಷದ ನವನೋಟ ಪ್ರಶಸ್ತಿ ಗಂಗಾಧರ್ ಅವರಿಗೆ!

ಓಣಿ ಚಪ್ಪಾಳೆ ಹೊಡೆಯಿತು. ಬಾಯಿಗೆ ಬಂದಿದ್ದ ನಿಜವನ್ನು ಮೇಷ್ಟ್ರು ಬಿಸಿ ಚಹಾದ ಹಾಗೆ ನುಂಗಿಕೊಂಡು ಕೈಮುಗಿದರು.

"ಒಂದೇ ಷರತ್ತು," ಎಂದರು ಮೇಡಂ. "ಮುಂದಿನ ವರ್ಷದ ಪ್ರಶಸ್ತಿವರೆಗೆ ಇಲ್ಲಿಗೆ ಬಾಗಿಲು ಬರೋ ಹಾಗಿಲ್ಲ. ಯಾರು ಯಾವಾಗ ಬಂದ್ರೂ ಒಳಗೆ ಬಿಡಬೇಕು."

"ಮತ್ತ ನಮ್ಮ ಬಾಗ್ಲ?" ಎಂದು ವಾಣಿಶ್ರೀ ಜಾಲರಿ ಸೌಟು ಹಿಡಿದೇ ಹೊರಗೆ ಬಂದಳು. ಚೌಡಕ್ಕ ಕೌದಿ ಎತ್ತಿದಳು.

ಬಾಗಿಲು ಕಂಡದ್ದೇ ಮೇಡಂ ಮುಖ ಹಾಗಲಕಾಯಿ ಕಚ್ಚಿದಂತಾಯಿತು. "ಅಯ್ಯೋ, ಇದನ್ಯಾಕೆ ಇಟ್ಕೊಂಡಿದ್ದೀರಿ? ಇಡೀ ಕೃತಿ ಹಾಳಾಗುತ್ತೆ. ಕಲಾವಿದರಿಗೆ ಮತ್ತೆ ಜೋಡಿಸೋ ಆಸೆ ಬರಬಾರದು, ನಾವೇ ತಗೊಂಡು ಹೋಗಿಬಿಡ್ತೀವಿ."

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅತಾವುಲ್ಲಾ ಬಾಗಿಲನ್ನು ಕಾರಿನ ಮೇಲೆ ಹಗ್ಗ ಹಾಕಿ ಬಿಗಿದಾಗಿತ್ತು. "ರೈಟ್, ರೈಟ್!" ಎಂದ ಶಿವಯೋಗಿ.

ದೀಪ ಹಚ್ಚುವ ಹೊತ್ತಾಯಿತು.

"ಬಾಗ್ಲ ಎಲ್ಲೈತಿ?" ಎಂದಳು ವಾಣಿಶ್ರೀ.

"ಪ್ರಶಸ್ತಿ ಬಂತಲ್ಲ ವಾಣಿ..."

"ಪ್ರಶಸ್ತಿಗೆ ಚಿಲಕ ಐತೇನು? ನಾಯಿ ಒಳಗ ಬರಾಕತ್ತಾವ. ಹೋಗ್ರಿ, ನೀವ ಅಡ್ಡ ನಿಲ್ರಿ."

ಮೇಷ್ಟ್ರು ಹೊಸ್ತಿಲ ಮೇಲೆ ಎರಡೂ ಕೈ ಚಾಚಿ ನಿಂತರು. ಅಷ್ಟರಲ್ಲಿ ಸುದ್ದಿ ಹಗರಿಬೊಮ್ಮನಹಳ್ಳಿ ಮುಟ್ಟಿತ್ತು. ಒಂದು ಕ್ರೂಸರ್ ಬಂದು ನಿಂತು, ಒಂದಿಡೀ ಬಳಗ ಇಳಿಯಿತು. ಎಲ್ಲರೂ ಸಾಲಾಗಿ ನಿಂತು ಮನೆಯತ್ತ ಮೊಬೈಲ್ ಎತ್ತಿದರು. ಮೇಷ್ಟ್ರ ಕಣ್ಣು ತುಂಬಿ ಬಂತು. ಒಂದು ಕೈಯಲ್ಲಿ ನಾಯಿ ತಡೆಯುತ್ತ, ಇನ್ನೊಂದರಲ್ಲಿ ಕ್ರಾಪು ಸರಿಪಡಿಸಿಕೊಂಡು ನಕ್ಕರು.

ಬಳಗದ ಹಿರಿಯರು ಮೊಬೈಲ್ ಇಳಿಸಿ ಕೈಸನ್ನೆ ಮಾಡಿದರು:

"ಯಜಮಾನ್ರ, ಒಂಚೂರು ಆಕಡಿ ಸರೀರಿ. ಕಲಾಕೃತಿ ಕಾಣವಲ್ದು."