ನಮ್ಮ ಮನೆ ಪಕ್ಕದ ಮೋರಿ ನೀರಿನ ತೊಟ್ಟಿ

ಬಚ್ಚಲಿನ ನೀರು ಗೋಡೆಯ ತೂತಿನಿಂದಾಚೆ ಹೋದಮೇಲೆ ಅದಕ್ಕೂ ನಮಗೂ ಸಂಬಂಧವಿಲ್ಲ ಎಂದು ನಂಬಿಕೊಂಡೇ ನಾವೆಲ್ಲ ಮರ್ಯಾದಸ್ಥರಾಗಿ ಬದುಕುತ್ತೇವೆ. ನಾನೂ ಹಾಗೆಯೇ ಬದುಕುತ್ತಿದ್ದೆ. ಹುಣಸೂರಿಗೆ ಹತ್ತಿರದ ನಮ್ಮೂರಿನ ಮೋರಿಗಳೆಲ್ಲ ಸೇರಿ ಲಕ್ಷ್ಮಣತೀರ್ಥಕ್ಕೆ ಬೀಳುತ್ತಿದ್ದವು. ತೀರ್ಥವೆಂದು ಹೆಸರಿಟ್ಟುಕೊಂಡ ಹೊಳೆಗೆ ನಾವು ಒಪ್ಪಿಸುತ್ತಿದ್ದ ನೈವೇದ್ಯ ಸೋಪಿನ ನೊರೆ. ಬೇಸಿಗೆಯಲ್ಲಿ ಎಮ್ಮೆಗಳು ಕೂಡ ನೀರಿಗಿಳಿಯುವ ಮೊದಲು ಒಂದು ಗಳಿಗೆ ನಿಂತು ಯೋಚಿಸುತ್ತಿದ್ದವು.

ಕೊನೆಗೆ ಪಂಚಾಯಿತಿಯವರು ಒಂದು ಯೋಜನೆ ತಂದರು. ಮೋರಿ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ ಕೆಸರು ತಳಕ್ಕಿಳಿಸುವುದು, ಆಮೇಲೆ ಜಲ್ಲಿ ತುಂಬಿದ ಮಡಿಯಲ್ಲಿ ಬಾಳೆಯಂಥ ಎಲೆಯ ಕಾಬಾಳೆ ಹೂಗಿಡ ನೆಟ್ಟು ಅದರ ಬೇರುಗಳ ನಡುವೆ ಹಾಯಿಸಿ ಹೊಳೆಗೆ ಬಿಡುವುದು. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲಿ ಕಟ್ಟೋಣ ಎಂದು ಕೇಳಿದೊಡನೆ ಆ ಕೈಗಳೆಲ್ಲ ಜೇಬು ಸೇರಿದವು. ಹೊಗೆಸೊಪ್ಪು ಬೆಳೆಯುವ ನಮ್ಮ ಎದುರುಮನೆಯ ತಮ್ಮೇಗೌಡ ಎದ್ದು ನಿಂತು, "ಮೇಷ್ಟ್ರ ಮನೆ ಪಕ್ಕ ಪಂಚಾಯ್ತಿ ಜಾಗ ಖಾಲಿ ಬಿದ್ದೈತಲ್ಲ. ಅವ್ರು ಓದ್ದೋರು, ವಾಸ್ನೆ ತಡ್ಕತಾರೆ" ಎಂದ. ಸಭೆ ನಕ್ಕಿತು. ಹೈಸ್ಕೂಲು ಮಕ್ಕಳ ನಗುವನ್ನು ವರ್ಷಗಟ್ಟಲೆ ಸಹಿಸಿದ ನನಗೆ ದೊಡ್ಡವರ ನಗುವನ್ನು ಸಹಿಸಲಾಗಲಿಲ್ಲ. "ಅಲ್ಲೇ ಕಟ್ಟಿ" ಎಂದುಬಿಟ್ಟೆ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. "ಮನೇಲಿ ಒಂದ್ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮ್ಗೆ?" ಎಂದಳು ನನ್ನ ಹೆಂಡತಿ ಸರೋಜ. ಅಲ್ಲಿಂದಾಚೆ ನಮ್ಮ ಮಾತುಕತೆ ಊಟದ ಹೊತ್ತಿಗೆ ಮಾತ್ರ ನಡೆಯುತ್ತಿತ್ತು. ಅದೂ ಅವಳು ಗೋಡೆಯ ಕಡೆ ತಿರುಗಿ "ಅನ್ನ ಆರ್ತೈತೆ" ಎನ್ನುವಷ್ಟು.

ತೊಟ್ಟಿ ಎದ್ದಿತು, ನೀರು ತುಂಬಿತು. ಗಿಡಗಳು ಬೇರೂರುವ ತನಕ ಸ್ವಲ್ಪ ವಾಸನೆ ಬರಬಹುದೆಂದು ಎಂಜಿನಿಯರ್ ಹೇಳಿದ್ದರು. ಆ ಸ್ವಲ್ಪ ನಮ್ಮ ಮನೆಯ ಸಾರಿನೊಳಗೂ ಸೇರಿಕೊಂಡಿತು. ಆದರೆ ಸೋಲುವುದುಂಟೇ? ದಿನಾ ಬೆಳಿಗ್ಗೆ ಬೇಲಿಯ ಪಕ್ಕ ಕುರ್ಚಿ ಹಾಕಿ, ಬಾಯಲ್ಲಿ ಉಸಿರಾಡುತ್ತ ಕಾಫಿ ಕುಡಿದೆ. ದಾರಿಹೋಕರು "ಎಂಗೈತೆ ಮೇಷ್ಟ್ರೇ?" ಎಂದರೆ, "ಮಲ್ಲಿಗೆ ತೋಟದಲ್ಲಿ ಕೂತ ಹಾಗಿದೆ" ಎನ್ನುತ್ತಿದ್ದೆ.

ಒಂದು ದಿನ ತಮ್ಮೇಗೌಡ ನಾಲ್ಕಾರು ಜನರನ್ನು ಕಟ್ಟಿಕೊಂಡು ಗುದ್ದಲಿ ಸಮೇತ ಬಂದ. "ಸಾಕು ಕಣ್ರೀ ಮೇಷ್ಟ್ರೇ. ಗಾಳಿ ತಿರುಗ್ದಾಗ ನಮ್ಮನೇಲೂ ಊಟ ಸೇರಲ್ಲ. ಮೋರಿ ಒಡ್ದು ಮೊದ್ಲಿನಂಗೆ ಒಳೆಗೇ ಬುಡ್ತೀವಿ."

ನಾನು ಮೋರಿಗೆ ಅಡ್ಡ ನಿಂತೆ. "ಒಡೆಯೋಕೆ ಬಿಡಲ್ಲ" ಎಂದು ಗುಡುಗಬೇಕೆಂದಿದ್ದೆ. ಮೂಗು ಬಿಗಿಹಿಡಿದಿದ್ದರಿಂದ ನೆಗಡಿಯವನು ಗೊಣಗಿದಂತೆ ಕೇಳಿಸಿತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಸರೋಜ ಬಂದವಳು ನನ್ನ ಪಕ್ಕದಲ್ಲಿ ನಿಂತಳು.

"ತಮ್ಮಣ್ಣ, ಗುದ್ಲಿ ಕೆಳಗಿಡು. ನಿನ್ನ ಬಚ್ಚಲ ನೀರು ನನ್ನ ಅಡುಗೆಮನೆ ಮಗ್ಗುಲಲ್ಲಿ ನಿಂತೈತೆ, ನಾನೇ ತಡ್ಕೊಂಡಿದೀನಿ. ಒಳೆಗೆ ಬುಡ್ಲೇಬೇಕು ಅಂದ್ರೆ, ಮೊದ್ಲು ಅಲ್ಲಿಗೋಗಿ ಆ ನೀರಲ್ಲಿ ಮುಖ ತೊಳ್ಕೊಂಡು ಬಾ. ಆಮೇಲೆ ಒಡಿ."

ತಮ್ಮೇಗೌಡ ಹೊಳೆಯ ಕಡೆ ನೋಡಿದ. ಜೊತೆಗೆ ಬಂದವರು ಅವನ ಮುಖ ನೋಡಿದರು. "ಅಕ್ಕಾ, ನೀನೇ ಅಂಗಂದ್ಮೇಲೆ ಏನೇಳಾದು ಬುಡು" ಎಂದು ಗುದ್ದಲಿ ಹೆಗಲಿಗೇರಿಸಿ ಹೊರಟ. ಆ ಮಧ್ಯಾಹ್ನ ಸರೋಜ ಊಟಕ್ಕೆ ಕರೆದದ್ದು ನನ್ನನ್ನೇ, ಗೋಡೆಯನ್ನಲ್ಲ.

ಮುಂಗಾರು ಹಿಡಿದಮೇಲೆ ಕಾಬಾಳೆ ಆಳೆತ್ತರ ಬೆಳೆದು ಕೆಂಪಗೆ, ಹಳದಿಯಾಗಿ ಹೂಬಿಟ್ಟಿತು. ವಾಸನೆ ಯಾವಾಗ ಹೋಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಈಗ ಹೊಳೆಗೆ ಬೀಳುವ ನೀರಿನಲ್ಲಿ ತಳದ ಕಲ್ಲು ಕಾಣುತ್ತದೆ. ಕುಡಿಯುವಷ್ಟು ಶುದ್ಧವೇನಲ್ಲ, ಆದರೆ ಎಮ್ಮೆಗಳ ತಕರಾರಿಲ್ಲ.

ಈಚೆಗೆ ಎಚ್.ಡಿ. ಕೋಟೆ ಕಡೆಯ ಒಂದು ಊರಿನವರು ತಮ್ಮಲ್ಲೂ ಇಂಥದ್ದು ಕಟ್ಟಬೇಕೆಂದು ನಮ್ಮಿಬ್ಬರನ್ನೂ ಕರೆಸಿದ್ದರು. ಜಲ್ಲಿ, ಬೇರು, ನದಿಗಳ ಭವಿಷ್ಯ ಎಂದೆಲ್ಲ ನಾನು ವಿಸ್ತಾರವಾಗಿಯೇ ಮಾತಾಡುತ್ತಿದ್ದೆ. ಹಿಂದಿನ ಸಾಲಿನ ಹೆಂಗಸೊಬ್ಬಳು ನನ್ನನ್ನು ಬಿಟ್ಟು ಸರೋಜಳನ್ನು ಕೇಳಿದಳು: "ಅಕ್ಕಾ, ನೀವು ದಿಟ ಏಳಿ. ಮನೆ ಪಕ್ಕ ಇಟ್ಕೊಂಡು ಬಾಳಾಕಾಯ್ತದಾ?"

"ತೊಟ್ಟಿ ಜೊತೆ ಆರಾಮಾಗಿ ಬಾಳ್ಬೋದು ಕಣಮ್ಮ" ಎಂದಳು ಸರೋಜ. "ಕಟ್ಟಿಸ್ದೋರ ಭಾಷಣ ತಡ್ಕೊಳೋದೇ ಕಷ್ಟ."

ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ನಾನು ಭಾಷಣ ಮುಂದುವರಿಸಿದೆ.