ಚೆಂಡು ಮೊದಲು ಯಾರಿಗೆ ತಾಗಿತು?

“ಇನ್ನ ನಿಮ್ಮ ಕಣ್ಣಿಗೆ ಕೆಲಸ ಇಲ್ಲ ಮಾವಾರ,” ಎನ್ನುತ್ತ ರೇಡಿಯೋ ರಿಪೇರಿಯ ಪರಪ್ಪ ಮೈದಾನದ ನಡುವೆ ಇಟ್ಟ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿದ. ಹಳೆಯ ರೇಡಿಯೋ ಡಬ್ಬಿ, ಚೆಂಡನ್ನು ಅಪ್ಪಿ ಹಿಡಿಯಲು ಎರಡು ಹಿತ್ತಾಳೆ ತಟ್ಟೆ. “ಇದು ಸ್ಪರ್ಶಸಾಕ್ಷಿ. ಚೆಂಡಿಗೆ ಯಾರ ಕೈ ತಾಗಿದ್ರೂ ಆ ಹೊತ್ತಿನ ಮಾತು ತೊಗಲಿನ್ಯಾಗ ಉಳೀತೈತಿ. ಇದು ಅದನ್ನ ಓದಿ ಹೇಳ್ತೈತಿ.”

ಅವನ ಅಕ್ಕನ ಗಂಡ ಗುರುಬಸಪ್ಪ ಹೊಂಬಳ ನಿವೃತ್ತ ಡ್ರಿಲ್ ಮಾಸ್ತರರು. ಬೆಟಗೇರಿಯ ಮೇಲಿನ ಓಣಿ, ಕೆಳಗಿನ ಓಣಿಗಳ ನಡುವೆ ವರ್ಷಕ್ಕೊಮ್ಮೆ ನಡೆಯುವ ಅಮೆರಿಕನ್ ಫುಟ್‌ಬಾಲಿಗೆ ಐವತ್ತು ವರ್ಷದಿಂದ ಅವರೇ ರೆಫರಿ. ಹಿಂದೊಮ್ಮೆ ಕೋಳಿ ಸಾಕಣೆ ಕಲಿಸಲು ಬಂದ ಅಮೆರಿಕದ ತರುಣನೊಬ್ಬ ಕೋಳಿ ಬಿಟ್ಟು ಈ ಮೊಟ್ಟೆಯಾಕಾರದ ಚೆಂಡಿನಾಟ ಕಲಿಸಿ ಹೋಗಿದ್ದ. ಆಗ ಊರಲ್ಲೇ ಹೊಲಿಸಿದ ಆ ಒಂದೇ ಚೆಂಡಿನಲ್ಲಿ ಇಂದಿಗೂ ಆಟ.

ಜಗಳವೆಲ್ಲ ಒಂದೇ ನಿಯಮದ್ದು. ಒದ್ದ ತಂಡ ತಾನೇ ಚೆಂಡನ್ನು ದಕ್ಕಿಸಿಕೊಳ್ಳಬೇಕಾದರೆ ಅದು ಮೊದಲು ಎದುರಾಳಿಗೆ ತಾಗಿರಬೇಕು. ನಲವತ್ತೈದು ವರ್ಷದ ಹಿಂದೆ, ಕೆಳಗಿನ ಓಣಿಯ ನಿಂಗಪ್ಪನಿಗೆ ತಾಗಿತೆಂದು ಮಾಸ್ತರರು ತೀರ್ಪು ಕೊಟ್ಟಿದ್ದರು. ತಾಗಿಲ್ಲವೆಂದು ನಿಂಗಪ್ಪ ಆಣೆ ಮಾಡಿದ. ಜೀವದ ಗೆಳೆಯನಾಗಿದ್ದವನು ಸಾಯುವತನಕ ಮಾಸ್ತರರೊಡನೆ ಮಾತಾಡಲಿಲ್ಲ. ತಪ್ಪು ನನ್ನದೇ ಇತ್ತೇನೋ ಎಂಬ ಅಳುಕು ಮಾಸ್ತರರನ್ನು ಬಿಟ್ಟಿರಲಿಲ್ಲ.

ಆಟ ಶುರುವಾಗಿ ಹತ್ತು ನಿಮಿಷಕ್ಕೇ ಅದೇ ಜಗಳ. ಮೇಲಿನ ಓಣಿ ಒದ್ದ ಚೆಂಡು ಎಲ್ಲಿಯೋ ಪುಟಿದು ಅವರ ಕೈಗೇ ಬಂತು.

“ನಿಮ್ಮ ಹುಡುಗನ ಮೊಣಕೈಗೆ ತಾಗೇತಿ,” ಎಂದರು ಮೇಲಿನ ಓಣಿಯವರು.

“ನಿನ್ನ ತಲಿಗೆ ತಾಗೇತಿ.”

ಚೆಂಡನ್ನು ತಟ್ಟೆಗಳ ನಡುವೆ ಇಟ್ಟು ಪರಪ್ಪ ಗುಂಡಿ ತಿರುಗಿಸಿದ. ಗುಂಡಿ ಕಿತ್ತು ಕೈಗೇ ಬಂತು. ಯಂತ್ರ ಗರಗರ ಎಂದು ಇವತ್ತಿನ ಆಟವನ್ನು ದಾಟಿ ಹಿಂದಕ್ಕೆ ಓಡಿತು. ಹೋದ ವರ್ಷದ ಬೈಗುಳ, ಅದರ ಹಿಂದಿನ ಕೇಕೆ, ಈಗ ಮುದುಕರಾದವರ ಎಳೆ ದನಿಗಳು. “ಅದು ನಮ್ಮಣ್ಣ,” ಎಂದು ಯಾರೋ ಅಂದರು. ಆಟಗಾರರು ಹೆಲ್ಮೆಟ್ ತೆಗೆದು ಕೂತುಬಿಟ್ಟರು.

ಆಗ ನಿಂಗಪ್ಪನ ದನಿ, ಪಿಸುಮಾತಿನಲ್ಲಿ: “ಬೆರಳಿಗೆ ತಾಗಿದ್ದು ಖರೇನಲೇ. ನಾಳೆ ಗುರ್ಬಸ್ಯಾನ ಮನೀಗೆ ಹೋಗಿ ಹೇಳಿದ್ರಾತು.”

ನಿಂಗಪ್ಪನ ಹೆಂಡತಿ ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮರುದಿನ ಹೊಂಟಿದ್ರು ಮಾಸ್ತರ್ರ. ನಿಮ್ಮ ಬಾಗಿಲತನಕ ಬಂದು, ನಾಚಿಕಿಯಾಗಿ ಹೊಳ್ಳಿ ಬಂದ್ರು.”

ಗೆದ್ದೆನೆಂದು ಮಾಸ್ತರರಿಗೆ ಅನ್ನಿಸಲಿಲ್ಲ. “ಅದೊಂದ ಮಾತು ಇನ್ನೊಮ್ಮೆ ಹಚ್ಚೊ ಪರಪ್ಪ.”

“ಬರಂಗಿಲ್ರಿ. ಓದಿದ್ದು ಅಳಿಸಿ ಹೋಗ್ತೈತಿ.”

ಯಂತ್ರ ನಿಲ್ಲಲಿಲ್ಲ. ಚೆಂಡು ಹೊಲಿದವನ ಸೂಜಿಯ ಸದ್ದು ಬಂತು, ಅದೂ ಮುಗಿಯಿತು. ಉಳಿದದ್ದು ತೊಗಲಿನ ಸ್ವಂತ ನೆನಪು, ಅದು ಎಮ್ಮೆಯ ತೊಗಲು. ಪೆಟ್ಟಿಗೆ ಮೈದಾನ ನಡುಗುವಂತೆ ಕರುವನ್ನು ಕರೆಯುವ ಎಮ್ಮೆಯ ಹಾಗೆ ಒದರಿತು. ಕೆರೆಯ ದಂಡೆಯಲ್ಲಿ ಮೇಯುತ್ತಿದ್ದ ಹದಿನೇಳು ಎಮ್ಮೆಗಳು ತಲೆ ಎತ್ತಿ ಉತ್ತರ ಕೊಟ್ಟು, ಸಾಲಾಗಿ ಮೈದಾನಕ್ಕೆ ನುಗ್ಗಿದವು. ಪರಪ್ಪ ಗೋಲಿನ ಕಂಬ ಹತ್ತಿದ. ಮುಂದಿನ ದೊಡ್ಡ ಎಮ್ಮೆ ಪೆಟ್ಟಿಗೆಯನ್ನು ಕೆಡವಿ, ಹೊರಬಿದ್ದ ಚೆಂಡನ್ನು ನೆಕ್ಕುತ್ತ ಅಲ್ಲೇ ಮಲಗಿತು.

“ಚೆಂಡು ಯಾರದ್ರಿ ಮಾಸ್ತರ್ರ?” ಎರಡೂ ಓಣಿಯವರು ದೂರದಿಂದಲೇ ಕೇಳಿದರು.

ಗುರುಬಸಪ್ಪ ಸೀಟಿ ಊದಿದರು. “ಎಮ್ಮಿಗೆ ತಾಗೇತಿ. ಇನ್ನ ಯಾರ ಬೇಕಾದ್ರೂ ತಗೋಬಹುದು.”

ಯಾರೂ ಮುಂದೆ ಬರಲಿಲ್ಲ.