ಗೊರಗೊರ ಎನ್ನುವ ರೇಡಿಯೋ ಬೇಕು

ಬೆಳಿಗ್ಗೆ ಧೂಳು ಹೊಡೆಯುವಾಗ ಕೊಡೆ ಮಾವನ ಹೆಂಡತಿಯ ಪೊರಕೆ ತಗುಲಿ ಹಳೆಯ ರೇಡಿಯೋ ಕಪಾಟಿನ ಮೇಲಿಂದ ಬಿದ್ದು ಹೋಳಾಯಿತು. ಅವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಕೊಡೆ ರಿಪೇರಿ ಮಾಡುವ, ಕಟ್ಟಡದವರೆಲ್ಲ ‘ಕೊಡೆ ಮಾವ’ ಎಂದೇ ಕರೆಯುವ ಅವರ ಗಂಡನಿಗೆ ಮಾತ್ರ ತಲೆ ಮೇಲಿನ ಮೂಟೆ ಇಳಿದಂತಾಯಿತು.

ಕಾರಣವಿತ್ತು. ಆ ರೇಡಿಯೋ ಶಾರ್ಟ್‌ವೇವ್‌ನಲ್ಲಿ ಕಡಲಾಚೆಯ ಒಂದು ದೇಶದ ಸ್ಟೇಷನ್ ಹಿಡಿಯುತ್ತಿತ್ತು. ಹಿಡಿಯುತ್ತಿತ್ತು ಎಂದರೆ, ಕಾದ ಎಣ್ಣೆಗೆ ನೀರು ಬಿದ್ದಂಥ ಸದ್ದಿನ ನಡುವೆ ಆಗೊಮ್ಮೆ ಈಗೊಮ್ಮೆ ಮನುಷ್ಯರ ದನಿ. ಕಾಲು ಮುರಿದು ಮಲಗಿದ್ದ ಪಕ್ಕದ ಮನೆಯ ಅಜ್ಜಿ ಒಂದು ಸಂಜೆ ಅದೇನು ಹೇಳುತ್ತಿದೆ ಎಂದು ಕೇಳಿದರು. ಪಾಪ, ಹೊತ್ತು ಹೋಗದ ಜೀವ ಎಂದುಕೊಂಡು ಮಾವ, ದೀಪಸ್ತಂಭ ಕಾಯುವವನ ಮಗಳ ಕತೆ ಬರುತ್ತಿದೆ ಎಂದುಬಿಟ್ಟರು. ಆ ಭಾಷೆಯ ಒಂದಕ್ಷರವೂ ಅವರಿಗೆ ಗೊತ್ತಿರಲಿಲ್ಲ. ಅಜ್ಜಿಯ ಕಾಲು ಕೂಡಿತು, ಕತೆ ಮುಗಿಯಲಿಲ್ಲ. ಈಗ ಸಂಜೆಯಾದರೆ ಅರ್ಧ ಕಟ್ಟಡವೇ ಬಂದು ಕೂರುತ್ತಿತ್ತು.

ಸಾಲದ್ದಕ್ಕೆ, ಹೋದ ವಾರ ಕೆಳಮನೆಗೆ ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವರೊಬ್ಬರು ಬಾಡಿಗೆಗೆ ಬಂದಿದ್ದರು. ಆ ದೇಶದ ಭಾಷೆ ತಮಗೆ ನೀರು ಕುಡಿದಷ್ಟು ಸಲೀಸು ಎಂದು ಹೇಳಿಕೊಂಡಿದ್ದರು. ಇವತ್ತು ಸಂಜೆ ಅವರೂ ಕತೆಗೆ ಬರುವವರಿದ್ದರು.

ರೇಡಿಯೋ ಹೋಯಿತಲ್ಲ, ಮಾನ ಉಳಿಯಿತು ಎಂದು ಮಾವ ಕಾಫಿ ಬಾಯಿಗಿಡುವಷ್ಟರಲ್ಲಿ ಮೇಲ್ಮನೆಯ ಟೈಲರಕ್ಕ ಬಾಗಿಲಲ್ಲಿ ನಿಂತಿದ್ದರು.

“ಎಲ್ಲರೂ ಸೇರಿ ಹೊಸದು ಕೊಡಿಸ್ತಿದೀವಿ ಮಾವ. ಚಪ್ಪಲಿ ಹಾಕ್ಕೊಳ್ಳಿ.”

ಭಾಷೆ ಬಲ್ಲವರು ಜೊತೆಗಿರಲಿ ಎಂದು ಅಡುಗೆಯವರನ್ನೂ ಹೊರಡಿಸಿದ್ದರು.

ಅಂಗಡಿಯವನು ಮೂರು ರೇಡಿಯೋ ಸಾಲಾಗಿಟ್ಟು ಒಂದೇ ಸ್ಟೇಷನ್‌ಗೆ ತಿರುಗಿಸಿದ. ದೊಡ್ಡದರಲ್ಲಿ ದನಿ ಎಷ್ಟು ಸ್ಪಷ್ಟವೆಂದರೆ, ಮಾತಾಡುವವನು ಮೇಜಿನ ಕೆಳಗೆ ಕೂತಿದ್ದಾನೇನೋ ಎಂದು ಟೈಲರಕ್ಕ ಬಗ್ಗಿ ನೋಡಿದರು. ನಡುವಿನದರಲ್ಲಿ ದನಿ ಜೋಕಾಲಿಯಂತೆ ಬಂದು ಹೋಗುತ್ತಿತ್ತು. ಸಣ್ಣದು ಬರೀ ಗೊರಗೊರ. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮುಳ್ಳು ಮೂರು ಸ್ಟೇಷನ್ ಹಾರುತ್ತಿತ್ತು.

ಮಾವ ಸಣ್ಣದನ್ನು ಎದೆಗವಚಿಕೊಂಡರು. “ಇದೇ ಇರಲಿ. ಹಗುರ ಇದೆ.”

“ಹಗುರ ನೋಡಿ ತಗೊಳ್ಳೋಕೆ ಇದೇನು ಬೀಸಣಿಗೆನಾ?” ಎಂದರು ಟೈಲರಕ್ಕ.

ಅಡುಗೆಯವರು ಗೋಡೆ ನೋಡುತ್ತ, “ನನಗೂ ಸಣ್ಣದೇ ಸಾಕು ಅನ್ಸುತ್ತೆ” ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಕಟ್ಟಡದ ಟ್ಯೂಬ್‌ಲೈಟಿನ ಕರೆಂಟಿಗೆ ದೊಡ್ಡದೂ ಗೊರಗೊರ ಅನ್ನುತ್ತದೆ ಎಂದು ಮಾವ ನೆಪ ತೆಗೆದರು. ಅಂಗಡಿಯವನು ಬ್ಯಾಟರಿ ಹಾಕಿಕೊಟ್ಟ. ಗೋಡೆ ದಪ್ಪ ಎಂದರು. ಏರಿಯಲ್‌ಗೆ ಸಿಕ್ಕಿಸಿ ಕಿಟಕಿಯಾಚೆ ಬಿಡಲು ಉದ್ದದ ತಂತಿ ಕೊಟ್ಟ. ದೊಡ್ಡ ರೇಡಿಯೋ ಹೊತ್ತು ಮನೆಗೆ ಬರುವಾಗ ಮಾವನ ಮುಖ ಗಾಳಿಗೆ ಮಗುಚಿದ ಕೊಡೆಯಂತಿತ್ತು.

ಸಂಜೆ ಕೋಣೆ ತುಂಬಿತು. ರೇಡಿಯೋದಲ್ಲಿ ಗಂಡಸೊಬ್ಬ ಗಂಭೀರವಾಗಿ ಮಾತಾಡಿದ. ಅದಾದ ಮೇಲೆ ಹೆಂಗಸೊಬ್ಬಳು ಗಟ್ಟಿಯಾಗಿ ನಕ್ಕಳು. ಎಲ್ಲರೂ ಮಾವನತ್ತ ತಿರುಗಿದರು. ಮಾವ ಅಡುಗೆಯವರತ್ತ ನೋಡಿದರು. ಅವರು ಕಣ್ಣು ಮುಚ್ಚಿ ಕೂತಿದ್ದರು.

“ದೀಪಸ್ತಂಭದ ಅಪ್ಪ ಜ್ವರದಲ್ಲಿ ಸಾಯೋ ಹಾಗಿದಾನೆ, ಈ ಮಗಳ್ಯಾಕೆ ನಗ್ತಾಳೆ?” ಅಜ್ಜಿಯ ದನಿ ನಡುಗಿತು.

“ಜ್ವರ ಬಿಟ್ಟಿತಂತೆ ಅಜ್ಜಿ. ಗಂಜಿ ಕೇಳಿದನಂತೆ. ಅದಕ್ಕೇ ನಗು” ಎಂದರು ಮಾವ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಟೈಲರಕ್ಕ ಅಡುಗೆಯವರನ್ನು ಕೇಳಿದರು: “ಸರೀನಾ ಅಣ್ಣ?”

ಮಾವ ಉಸಿರು ಹಿಡಿದರು. ಅಡುಗೆಯವರು ನಿಧಾನವಾಗಿ ಕಣ್ಣು ತೆರೆದರು.

“ಅಕ್ಷರ ಅಕ್ಷರ ಸರಿ.”

ಎಲ್ಲರೂ ಹೋದ ಮೇಲೂ ಅಡುಗೆಯವರು ಬಾಗಿಲ ಬಳಿಯೇ ನಿಂತಿದ್ದರು. ದನಿ ತಗ್ಗಿಸಿ, “ಉಳಿಸಿಬಿಟ್ರಿ ಮಾವ” ಎಂದರು. “ಹಡಗು ಎಲ್ಲಿ ನಿಂತರೂ ನಾನು ಒಲೆ ಬಿಟ್ಟು ಇಳಿದವನಲ್ಲ. ಭಾಷೆ ಬರುತ್ತೆ ಅಂತ ಜಂಬಕ್ಕೆ ಹೇಳಿದ್ದು. ನೀವು ಎದ್ದು ‘ನೀವೇ ಹೇಳಿ’ ಅಂದಿದ್ರೆ ನನ್ನ ಗತಿ?”

ಮಾವ ಗೋಡೆಗೊರಗಿ, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೆಳಗಿನಿಂದ ಕಟ್ಟಿಕೊಂಡಿದ್ದ ಉಸಿರೆಲ್ಲ ಆಚೆ ಬಂತು.

ಮೇಲಿನಿಂದ ಟೈಲರಕ್ಕ ಕೂಗಿದರು: “ಮಾವ, ಈ ರೇಡಿಯೋದಲ್ಲಿ ಬೆಳಿಗ್ಗೆ ಕೂಡ ಆ ಸ್ಟೇಷನ್ ಸಿಗುತ್ತಂತೆ. ಅಜ್ಜಿ ತಿಂಡಿ ಹೊತ್ತಿಗೇ ಬರ್ತಾರಂತೆ.”

ಮಾವನ ನಗು ಅಲ್ಲೇ ನಿಂತಿತು. ಅಡುಗೆಯವರು ಮೆಲ್ಲನೆ ಮೆಟ್ಟಿಲಿಳಿಯತೊಡಗಿದರು.

“ಕತೆ ನೀವೇ ಹೇಳಿ ಮಾವ. ಸರಿ ಅನ್ನೋ ಕಷ್ಟದ ಕೆಲಸ ನನಗಿರಲಿ.”